ಭಾನುವಾರದ ಪುಟದಲ್ಲಿ ಬರೆಯದೆ ಬಿಟ್ಟದ್ದು

ರುಕ್ಸಾನಾ, ನಮ್ಮ ಜೀವಕೋಶಗಳನ್ನು ಹಾಳು ಮಾಡಿದ್ದು ನೀನಲ್ಲ, ನಾನು. ಅಪವಾದ ನಿನ್ನ ಮೇಲೆ ಬಂದಾಗ ನನಗದು ಗೊತ್ತಿತ್ತು. ನೀನು ಲ್ಯಾಬಿನ ಕಾರ್ಡನ್ನು ಹಿಂತಿರುಗಿಸಿ ಬಂದು, ಸೈಕಲ್ಲಿಗೆ ಬೀಗ ಹಾಕುವುದನ್ನೂ ಮರೆತು ಒಳಗೆ ಬಂದೆಯಲ್ಲ — ಆ ದಿನವೂ ಗೊತ್ತಿತ್ತು.

ಅದು ಕೊರೋನಾದ ಎರಡನೇ ಚಳಿಗಾಲ. ರಾಟರ್‌ಡ್ಯಾಮಿನಲ್ಲಿ ನಮ್ಮ ಬಯೋಮೆಡಿಕಲ್ ತರಗತಿಗಳೆಲ್ಲ ಲ್ಯಾಪ್‌ಟಾಪಿಗೆ ಬಂದಿದ್ದವು. ಲ್ಯಾಬ್ ಮಾತ್ರ ತೆರೆದಿತ್ತು, ಅದೂ ಒಂದು ಸಲಕ್ಕೆ ಒಬ್ಬರಿಗೆ, ನಲವತ್ತೈದು ನಿಮಿಷ. ನಮ್ಮಿಬ್ಬರಿಗೂ ಸೇರಿ ಕೋಶ ಬೆಳೆಸುವ ಒಂದೇ ಫ್ಲಾಸ್ಕ್. ಭಾನುವಾರ ನನ್ನ ಸರದಿ, ಮಂಗಳವಾರ ನಿನ್ನದು: ಕೋಶಗಳ ಹಳೆಯ ದ್ರವ ತೆಗೆದು ಹೊಸದು ಹಾಕಿ, ಮಾಡಿದ್ದನ್ನೆಲ್ಲ ಲ್ಯಾಬ್ ಪುಸ್ತಕದಲ್ಲಿ ಬರೆಯಬೇಕು. ನನ್ನ ಪುಟದಲ್ಲಿ ಒಳಹೋದ ಸಮಯ, ಹೊರಬಂದ ಸಮಯ, ಬದಲಿಸಿದ ಕೈಗವಸುಗಳ ಲೆಕ್ಕ. ನಿನ್ನ ಪುಟದಲ್ಲಿ ಅರ್ಧ ಸಾಲು.

"ನಾಳೆ ನಿನ್ನ ನಿಕಾಹ್‌ದಾಗೂ ಪಟ್ಟಿ ಮಾಡ್ತಿ ನೋಡು," ಎಂದು ನೀನು ವಿಜಾಪುರದ ಧಾಟಿಯಲ್ಲಿ ನನ್ನನ್ನು ಕಾಡುತ್ತಿದ್ದೆ. "ಎಷ್ಟು ಮಂದಿ ಎರಡನೇ ಸಲ ಬಿರ್ಯಾನಿ ಹಾಕ್ಕೊಂಡ್ರು ಅಂತ."

ಆ ಭಾನುವಾರ ಬೆಂಗಳೂರಿನಲ್ಲಿ ನನ್ನ ಅಕ್ಕ, ಆಪಾಳ ನಿಕಾಹ್. ನನಗೆ ವಿಮಾನ ಸಿಕ್ಕಿರಲಿಲ್ಲ. ಫೋನಿನಲ್ಲೇ ನೋಡುವುದೆಂದು ಆಗಿತ್ತು. ಖಾಜಿ ತಡವಾಗಿ ಬಂದರು, ನಿಕಾಹ್ ನನ್ನ ಲ್ಯಾಬಿನ ವೇಳೆಗೇ ಬಂದು ಬಿತ್ತು. ನಿನ್ನನ್ನು ಕೇಳಿದ್ದರೆ ನೀನು ಅರ್ಧ ಊಟ ಬಿಟ್ಟಾದರೂ ನನ್ನ ಬದಲು ಹೋಗುತ್ತಿದ್ದೆ. ಕೇಳಲಿಲ್ಲ. ಅದುವರೆಗೆ ನಾನು ಒಂದು ಸರದಿಯನ್ನೂ ತಪ್ಪಿಸಿರಲಿಲ್ಲ — ಆ ಲೆಕ್ಕ ಕೆಡುವುದು ನನಗೆ ಬೇಕಿರಲಿಲ್ಲ.

ಕೋಶಗಳ ಕೆಲಸಕ್ಕೆಂದೇ ಇರುವ, ಶೋಧಿಸಿದ ಗಾಳಿ ಹರಿಯುವ ಗಾಜಿನ ಕ್ಯಾಬಿನೆಟ್ಟಿನೊಳಗೆ ಹೊರಗಿನ ಒಂದು ಕಾಗದದ ಚೂರೂ ಹೋಗಬಾರದು. ನಾನು ಫೋನನ್ನೇ ಒಳಗಿಟ್ಟೆ, ದ್ರವದ ಬಾಟಲಿಗೆ ಒರಗಿಸಿ. ಕೆಂಪು ದುಪಟ್ಟಾದೊಳಗೆ ಆಪಾಳ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಅಮ್ಮಿ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದರು. ಮೂರು ಸಲ ಹೇಳುವ ಒಪ್ಪಿಗೆಯ ಮಾತಿನಲ್ಲಿ ಮೊದಲನೆಯ 'ಕಬೂಲ್' ಕೇಳಿಸಿತು. ಎರಡನೆಯದೂ ಕೇಳಿಸಿತು. ಆಮೇಲೆ ಚಿತ್ರ ನಿಂತುಬಿಟ್ಟಿತು. ಕೈಗವಸಿನ ಬೆರಳಿನಿಂದಲೇ ಪರದೆಯನ್ನು ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಮೂರನೆಯದು ನನಗೆ ಕೇಳಿಸಲೇ ಇಲ್ಲ. ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ — ಅದೇ ಬೆರಳುಗಳಿಂದ ಫ್ಲಾಸ್ಕಿನ ಮುಚ್ಚಳ ತೆಗೆದೆ.

ಹೊರಬಂದು ಬರೆದೆ: ಕೈಗವಸು, ಎರಡು ಜೊತೆ. ಬಳಸಿದ್ದು ಒಂದೇ.

ಗುರುವಾರ ಫ್ಲಾಸ್ಕಿನಲ್ಲಿ ಬೂಷ್ಟಿನ ಬಿಳಿ ಎಳೆಗಳು ತೇಲುತ್ತಿದ್ದವು. ಆನ್‌ಲೈನ್ ಸಭೆಯಲ್ಲಿ ನಮ್ಮ ಮೇಲ್ವಿಚಾರಕಿ ಲ್ಯಾಬ್ ಪುಸ್ತಕದ ಎರಡೂ ಪುಟಗಳನ್ನು ಪರದೆಯ ಮೇಲೆ ತೋರಿಸಿದರು. "ಭಾನುವಾರದ ಪುಟದಲ್ಲಿ ಸಂಶಯಕ್ಕೆ ಜಾಗವಿಲ್ಲ" ಎಂದರು. ಮಂಗಳವಾರದ ಬಗ್ಗೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಂದು ಸಂಜೆ ನೀನು ನಮ್ಮಿಬ್ಬರ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ — ಹೇಗ್‌ನ ಅಂಗಡಿಗೆ ಹೋಗಿ ತಂದ ಜೋಳದ ಹಿಟ್ಟು. ಕೈ ನಿಲ್ಲಿಸದೆಯೇ ಕೇಳಿದೆ, "ಖರೇ ಹೇಳು. ಐತವಾರ ಏನರ ಹೆಚ್ಚುಕಡಿಮಿ ಆಗಿತ್ತೇನು?"

"ಬರೆದಿದೀನಲ್ಲ, ನೋಡ್ಕೋ," ಎಂದೆ.

ನೀನು ಕಣ್ಣೆತ್ತಿ ನನ್ನನ್ನು ನೋಡಿದೆ. "ಹಂಗಾರ ನಂದೇ ತಪ್ಪಿರಬೇಕು ಬಿಡು," ಎಂದು ರೊಟ್ಟಿ ತಿರುವಿದೆ. ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕಿದೆ. ನಾನು ತಿಂದೆ.

ಲ್ಯಾಬಿನ ವೇಳೆಗಳು ಕಡಿಮೆಯಿದ್ದವು. ಉಳಿದದ್ದನ್ನೆಲ್ಲ ನನಗೆ ಕೊಟ್ಟರು. ನಿನಗೆ ಬೇರೆಯವರ ಪ್ರಬಂಧಗಳನ್ನು ಓದಿ ಬರೆಯುವ ಕೆಲಸ. ಕೋಶಗಳೊಂದಿಗೆ ಕೆಲಸ ಮಾಡಿ ಗೊತ್ತಿರುವವರಿಗೆಂದೇ ಇದ್ದ ಸಂಶೋಧನಾ ಹುದ್ದೆಯೂ ನನಗೇ ಬಂತು. ನೀನು ಈ ದೇಶಕ್ಕೆ ಬಂದದ್ದೇ ಅದಕ್ಕಾಗಿ. ಈಗ ಜೈಡಾಸ್ ಎಂಬ ಕಚೇರಿಗಳ ಬಡಾವಣೆಯ ಗಾಜಿನ ಕಟ್ಟಡವೊಂದರಲ್ಲಿ ಔಷಧಿಗಳ ಕಡತ ತಿದ್ದುತ್ತಿದ್ದೀಯ. "ಪೈಪೆಟ್ ಹಿಡಿಯೋದೇ ಮರ್ತು ಹೋಗೇತಿ," ಎಂದು ಹೋದ ವಸಂತದಲ್ಲಿ ಸಂದೇಶ ಕಳಿಸಿದ್ದೆ. ನಾನು ನಗುವ ಮುಖವೊಂದನ್ನು ಕಳಿಸಿದೆ.

ನನ್ನ ದಿನಚರಿಯಲ್ಲಿ ನಿನ್ನ ಹೆಸರಿರುವ ಪುಟಗಳನ್ನು ನಿನ್ನೆ ಎಣಿಸಿದೆ. ಆ ಗುರುವಾರದವರೆಗೆ ಅರವತ್ತೆರಡು, ಆಮೇಲೆ ಒಂಬತ್ತು. ದೂರವಾದದ್ದು ನೀನಲ್ಲ. ನಿನ್ನ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ನಾನೇ ಅಡಿಗೆಮನೆಗೆ ಬರುವ ಹೊತ್ತು ಬದಲಿಸಿಕೊಂಡೆ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ನಿಲ್ಲುವವರೆಗೆ ಹಾಸಿಗೆಯ ಮೇಲೆ ಕೂತಿರುತ್ತಿದ್ದೆ, ಹಸಿದುಕೊಂಡು. ಆಪಾಳ ಆ ಮೂರನೆಯ ಮಾತನ್ನು ಆಮೇಲೆ ವಿಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೆ ನೀನು ನನ್ನನ್ನು ಕಾಡಿಸುತ್ತಿದ್ದ ದನಿ — ಅದನ್ನು ಯಾರೂ ಹಿಡಿದಿಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೇಲ್ವಿಚಾರಕಿಯನ್ನು ಕಾಣಲಿದ್ದೇನೆ. ಫೋನಿನ ಸಂಗತಿ, ಕೈಗವಸಿನ ಸುಳ್ಳು, ಎರಡನ್ನೂ ಹೇಳುತ್ತೇನೆ. ನನ್ನ ಹುದ್ದೆ ಉಳಿಯುವುದೋ ಇಲ್ಲವೋ, ಅವರಿಗೆ ಬಿಟ್ಟದ್ದು. ಅದರಿಂದ ನಿನ್ನ ಆ ವರ್ಷ ಹಿಂದಕ್ಕೆ ಬರುವುದಿಲ್ಲ ಎಂದೂ ಗೊತ್ತು. ಆದರೆ ಅವರಿಗಿಂತ ಮೊದಲು ನಿನಗೆ ತಿಳಿಯಬೇಕಿತ್ತು, ರುಕ್ಸಾನಾ — ನೀನು ಕೇಳಿದ ಆ ಸಂಜೆಯೇ.