ಹಬೆಯಕ್ಕ ಮುಚ್ಚಿಡದ ಒದ್ದೆ ಗಂಟು

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಉಕ್ಕಿನ ಯಂತ್ರದ ಬಾಗಿಲು ತೆರೆದುಕೊಳ್ಳುತ್ತದೆ. ಭುಸ್ಸೆಂದು ನುಗ್ಗುವ ಹಬೆಯಲ್ಲಿ ಎದುರಿಗೆ ನಿಂತ ಹೆಂಗಸು ಒಂದು ಗಳಿಗೆ ಕಾಣುವುದೇ ಇಲ್ಲ. ಹಬೆ ಇಳಿದ ಮೇಲೆ ಅವರು ಟ್ರಾಲಿಯನ್ನು ಹೊರಗೆಳೆದು, ಬಿಸಿ ಆರುವವರೆಗೆ ಕಾದು, ಹಸಿರು ಬಟ್ಟೆಯ ಒಂದೊಂದು ಗಂಟಿನ ಮೇಲೂ ಅಂಗೈ ಒತ್ತಿ ನೋಡುತ್ತಾರೆ. ಹದಿನೇಳು ಗಂಟುಗಳು ಕಪಾಟು ಸೇರುತ್ತವೆ. ಹದಿನೆಂಟನೆಯದನ್ನು ಪಕ್ಕಕ್ಕೆ ಇಡುತ್ತಾರೆ. ಅದು ಒದ್ದೆ.

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಹಬೆಯಕ್ಕ ಎಂದೇ ಕರೆಯುತ್ತಾರೆ. ಆಪರೇಷನ್ನಿಗೆ ಬೇಕಾದ ಬಟ್ಟೆ, ಕತ್ತರಿ, ಚಿಮಟಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿಯಿಲ್ಲದಂತೆ ಮಾಡುವುದು ಇವರ ಕೆಲಸ. ವಾರ್ಡು ಗುಡಿಸುವ ಆಯಾ ಆಗಿ ಸೇರಿ ಮೂವತ್ತೊಂದು ವರ್ಷವಾಯಿತು, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಶಾಲೆಯ ಬಸ್ಸು ಓಡಿಸುತ್ತಿದ್ದ ಗಂಡ ಮೊಣಕಾಲು ನೋವಿನಿಂದ ಈಗ ಮನೆಯಲ್ಲೇ ಇದ್ದಾರೆ. ‘ಮನೇಲಿ ಅಡುಗೆ ಸ್ವಲ್ಪ ಹೆಚ್ಚು ಬೆಂದ್ರೂ, ಇದನ್ನೂ ನಿನ್ನ ಮೆಷಿನ್‌ಗೆ ಹಾಕಿದ್ಯಾ ಅಂತಾರೆ ನಮ್ಮೆಜಮಾನ್ರು’ ಎಂದು ಹಬೆಯಕ್ಕ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ದಿನಕ್ಕೆ ತೊಂಬತ್ತಾರು ಗಂಟು, ಏಳುನೂರಕ್ಕೂ ಹೆಚ್ಚು ಸಲಕರಣೆ ಇವರ ಕೈ ದಾಟುತ್ತವೆ. ನೂರಿಪ್ಪತ್ತೊಂದು ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಬೇಕು, ಮತ್ತೆ ಅರ್ಧ ಗಂಟೆ ಯಂತ್ರದೊಳಗೇ ಒಣಗಬೇಕು. ಸಾಕಷ್ಟು ಕಾವು ತಗುಲಿದರೆ ಗಂಟಿಗೆ ಅಂಟಿಸಿದ ಪಟ್ಟಿ ಕಪ್ಪಾಗುತ್ತದೆ. ಆದರೆ ಪಟ್ಟಿ ಹೇಳುವುದು ಕಾವಿನ ಸಂಗತಿಯನ್ನಷ್ಟೇ, ಒಳಗಿನ ಒದ್ದೆಯನ್ನಲ್ಲ. ಒದ್ದೆ ಬಟ್ಟೆ ಹೊರಗಿನ ಕ್ರಿಮಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಈ ಅಂಗೈ ಪರೀಕ್ಷೆ. ಇದನ್ನು ಇವರಿಗೆ ಯಾರೂ ಕಲಿಸಿದ್ದಲ್ಲ.

ಕಳೆದ ವರ್ಷ ಹೊಸ ಆಡಳಿತಾಧಿಕಾರಿ ಬಂದರು. ಬಡವರು ಆಪರೇಷನ್ನಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು, ದಿನಕ್ಕೆ ಆರಿದ್ದದ್ದನ್ನು ಅವರು ಹನ್ನೊಂದಕ್ಕೆ ಏರಿಸಿದರು. ಒಳ್ಳೆಯದೇ, ಯಾರು ಬೇಡವೆನ್ನುತ್ತಾರೆ? ಆದರೆ ಎರಡನೆಯ ಯಂತ್ರ ಬರಲಿಲ್ಲ. ಅದರ ಬದಲು ಒಣಗಿಸುವ ಅರ್ಧ ಗಂಟೆ ಹತ್ತು ನಿಮಿಷಕ್ಕೆ ಇಳಿಯಿತು. ಗಂಟುಗಳು ಒದ್ದೆಯಾಗಿ ಬರುತ್ತಿವೆಯೆಂದು ಹಬೆಯಕ್ಕ ಎರಡು ಸಲ ಮೇಲೆ ಹೋಗಿ ಹೇಳಿದರು. ಪಟ್ಟಿ ಕಪ್ಪಾಗಿದೆಯಲ್ಲ, ಮತ್ತೇನು ಎಂಬ ಉತ್ತರ ಬಂತು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಒಂದು ಬೆಳಿಗ್ಗೆ ಆಪರೇಷನ್ ಕೋಣೆಯಿಂದ ಫೋನಿನ ಮೇಲೆ ಫೋನು. ಹೆರಿಗೆ ಕಷ್ಟವಾಗಿದೆ, ಹೊಟ್ಟೆ ಕೊಯ್ದೇ ಮಗು ತೆಗೆಯಬೇಕು, ಬೇಗ ಕಳಿಸಿ ಎಂದು. ಹಬೆಯಕ್ಕ ಯಂತ್ರದಿಂದ ಆಗಷ್ಟೇ ಬಂದ ಗಂಟುಗಳನ್ನೆಲ್ಲ ಕಳಿಸಿಬಿಟ್ಟರು.

‘ಕೈ ಹೇಳ್ತು, ಒದ್ದೆ ಇದೆ ಅಂತ. ಪಟ್ಟಿ ಹೇಳ್ತು, ಸರಿಯಾಗಿದೆ ಅಂತ. ನಾನು ಪಟ್ಟಿ ಮಾತು ಕೇಳ್ದೆ. ಮೂವತ್ತು ವರ್ಷ ಜೊತೆಗೆ ದುಡಿದ ಕೈನ ಅವತ್ತೇ ನಂಬಲಿಲ್ಲ.’

ಆ ದಿನ ಹೊಟ್ಟೆ ಕೊಯ್ದು ಹೆರಿಗೆಯಾದ ಮೂವರು ಬಾಣಂತಿಯರ ಗಾಯ ಕೀವಾಯಿತು. ಇಬ್ಬರು ಹೇಗೋ ಉಳಿದರು. ಮೂರನೆಯವಳಿಗೆ ಇಪ್ಪತ್ತಾರು ವರ್ಷ, ಚೊಚ್ಚಲು. ಮನೆಗೆ ಹೋದವಳು ಜ್ವರ ಹೊತ್ತು ಮರಳಿ ಬಂದಳು, ಹತ್ತೊಂಬತ್ತನೆಯ ದಿನ ತೀರಿಕೊಂಡಳು. ಆಸ್ಪತ್ರೆ ಬರೆದುಕೊಟ್ಟ ಕಾಗದದಲ್ಲಿ ಕಾರಣ ಹೀಗಿತ್ತು: ‘ಮನೆಯಲ್ಲಿ ಗಾಯದ ಆರೈಕೆ ಮಾಡಿದವರ ಸ್ವಚ್ಛತೆಯ ಕೊರತೆ.’ ಆರೈಕೆ ಮಾಡಿದ್ದು ಹೆತ್ತ ತಾಯಿ. ಮಗಳನ್ನು ಕಳೆದುಕೊಂಡವಳ ತಲೆಯ ಮೇಲೇ ಗೂಬೆ ಕೂರಿಸಿದರು. ಅಯ್ಯೋ, ಬರೆದ ಕೈ ಒಂದು ಸಲವಾದರೂ ನಡುಗಬಾರದಿತ್ತೇ!

ಯಂತ್ರದ ಪ್ರತಿ ಸರದಿಗೂ ಒಂದು ಸಂಖ್ಯೆಯಿದೆ, ಅದರ ಚೀಟಿ ರೋಗಿಯ ಕಡತಕ್ಕೆ ಅಂಟುತ್ತದೆ. ಹಬೆಯಕ್ಕ ಮೂರೂ ಕಡತ ತೆಗೆಸಿ ನೋಡಿದರು. ಮೂರರಲ್ಲೂ ಇನ್ನೂರ ಹನ್ನೆರಡು, ಅವತ್ತಿನ ಒದ್ದೆ ಗಂಟುಗಳ ಸರದಿ. ಪ್ರಯೋಗಾಲಯದ ವರದಿಯಲ್ಲೂ ಮೂವರಿಗೆ ತಗುಲಿದ್ದು ಒಂದೇ ಕ್ರಿಮಿ. ಅವನ್ನು ಹಿಡಿದು ಮೇಲೆ ಹೋಗಿ, ಒದ್ದೆ ಗಂಟು ಕಳಿಸಿದವಳು ನಾನೇ, ಕಾಗದ ತಿದ್ದಿ ಎಂದರು. ಮರುವಾರವೇ ಒಣಗಿಸುವ ಅರ್ಧ ಗಂಟೆ ಸದ್ದಿಲ್ಲದೆ ವಾಪಸು ಬಂತು. ಕಾಗದ ಮಾತ್ರ ಹಾಗೇ ಉಳಿಯಿತು. ತಿದ್ದಿದರೆ ಸತ್ತವಳು ಎದ್ದು ಬರುತ್ತಾಳೆಯೇ ಎಂದು ಕೇಳಿದ ಅಧಿಕಾರಿ, ಬಾಯಿ ಮುಚ್ಚಿಕೊಂಡಿರಲು ಹೇಳಿ ಕೈತೊಳೆದುಕೊಂಡರು.

ಹಬೆಯಕ್ಕ ಸತ್ತವಳ ಕಡತದಿಂದ ವಿಳಾಸ ಬರೆದುಕೊಂಡರು. ಒಂದು ಭಾನುವಾರ ವಿಳಾಸ ಹುಡುಕಿಕೊಂಡು ಆ ಮನೆಗೆ ಹೋದರು. ಕೂಸು ಅಳುತ್ತಿತ್ತು, ಅಳಿಯ ಒಬ್ಬನೇ ಹಾಲಿನ ಬಾಟಲಿ ಹಿಡಿದು ಒದ್ದಾಡುತ್ತಿದ್ದ. ಅಜ್ಜಿ ಎರಡು ಮಾರು ದೂರದಲ್ಲಿ ಗೋಡೆಗೊರಗಿ ಕೂತಿದ್ದಳು. ತಿಕ್ಕಿ ತಿಕ್ಕಿ ತೊಳೆದು ಅವಳ ಕೈಯ ಚರ್ಮ ಸುಲಿದಿತ್ತು. ಮಗಳು ಹೋದ ದಿನದಿಂದ ಅವಳು ಮೊಮ್ಮಗಳನ್ನು ಮುಟ್ಟಿಲ್ಲವೆಂದು ಅಳಿಯ ಹೇಳಿದ.

ಹಬೆಯಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ. ‘ತಪ್ಪು ನಿಮ್ಮ ಕೈದಲ್ಲಮ್ಮ. ನಮ್ದು’ ಎಂದರು.

ಆ ತಾಯಿ ಕ್ಷಮಿಸಲಿಲ್ಲ, ಬೈಯಲೂ ಇಲ್ಲ. ‘ಹೋಗಿ. ಮತ್ತೆ ಈ ಕಡೆ ಬರಬೇಡಿ’ ಎಂದಳು. ಹಬೆಯಕ್ಕ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ ಕೂಸಿನ ಅಳು ನಿಂತಿತು. ತಿರುಗಿ ನೋಡಿದರೆ ಅದು ಅಜ್ಜಿಯ ಮಡಿಲಲ್ಲಿತ್ತು.

ಈಗ ಇವರ ಮೇಲೆ ವಿಚಾರಣೆ ನಡೆಯುತ್ತಿದೆ. ಆಸ್ಪತ್ರೆಯ ಗುಟ್ಟು ಹೊರಗೆ ಹೇಳಿದ್ದು ಅಪರಾಧವಂತೆ. ಕೆಲಸ ಹೋಗಬಹುದು, ಪಿಂಚಣಿಯೂ ಹೋಗಬಹುದು. ಬೇಕಿತ್ತಾ ಈ ಊರ ಉಸಾಬರಿ ಎಂದು ಜೊತೆಯವರು ಕೇಳುತ್ತಾರೆ. ಗಂಡ ಮಾತ್ರ ಬೆಳಿಗ್ಗೆ ನಾಲ್ಕೂವರೆಗೆ ತಾವೇ ಎದ್ದು ಚಹಾ ಮಾಡಿಕೊಡುತ್ತಾರೆ.

ಬೆಳಿಗ್ಗೆ ಪಕ್ಕಕ್ಕಿಟ್ಟ ಒದ್ದೆ ಗಂಟನ್ನು ಬಿಚ್ಚಿ, ಮಡಿಕೆಗಳನ್ನು ಕೊಡವಿ, ಹಬೆಯಕ್ಕ ಮತ್ತೆ ಹೊಸದಾಗಿ ಕಟ್ಟುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ತಲೆಯೆತ್ತದೆಯೇ ಹೇಳುತ್ತಾರೆ:

‘ಆ ಕಾಗದದಲ್ಲಿ ಒಂದು ಸಾಲು ತಿದ್ಲಿ, ಸಾಕು. ಬೇಕಾದ್ರೆ ಅಲ್ಲಿ ನನ್ನ ಹೆಸರೇ ಬರ್ಕೊಳ್ಲಿ. ಆ ಕೂಸು ದೊಡ್ಡದಾಗಿ ಒಂದಿನ ಅದನ್ನ ಓದುತ್ತಲ್ಲ, ಅವತ್ತು ಅದಕ್ಕೆ ಗೊತ್ತಾಗ್ಬೇಕು, ಅಜ್ಜಿ ಕೈ ಸ್ವಚ್ಛವಾಗೇ ಇತ್ತು ಅಂತ.’