ಪುಟದ ಮೇಷ್ಟ್ರ ಹಸಿರು ದೀಪ

ಮೇಲಿನ ರೂಮು ನೋಡಲು ಬಂದವರು ಕಿಟಕಿ ತೆರೆದು ನೋಡಲಿಲ್ಲ, ನಲ್ಲಿ ತಿರುಗಿಸಿ ನೋಡಲಿಲ್ಲ. ನೆಟ್ಟಗೆ ಗೋಡೆಯ ಪ್ಲಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ಇಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಾ?" ಎಂದು ಕೇಳಿದರು.

ಮನೆಯೊಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. "ಹೋಗುತ್ತೆ, ಬರುತ್ತೆ. ನಮ್ಮನ್ನು ಕೇಳಿ ಹೋಗಲ್ಲ," ಅಂದಳು.

ಅವರು ನಕ್ಕರು. ಐವತ್ತು ದಾಟಿದ ಮುಖ, ಕಾಲು ಎಳೆದು ನಡೆಯುವ ಮೈ. ಮಾರನೆಯ ದಿನ ತಂದ ಸಾಮಾನು ಇಷ್ಟೇ: ಒಂದು ಹಾಸಿಗೆ ಸುರುಳಿ, ಒಂದು ಸೂಟ್‌ಕೇಸು, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿ ತಂದ ಕಂಪ್ಯೂಟರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಹೆಂಡತಿ ಮಕ್ಕಳ ಮಾತನ್ನು ಅವರು ಎತ್ತಲಿಲ್ಲ, ಆಕೆಯೂ ಕೆದಕಲಿಲ್ಲ. ಗಂಡ ಹೋದ ಮೇಲೆ ತನ್ನನ್ನು ಯಾರಾದರೂ ಕೆದಕಿದರೆ ಎಷ್ಟು ಸಂಕಟವಾಗುತ್ತದೆ ಅಂತ ಆಕೆಗೆ ಗೊತ್ತಿತ್ತು.

ಎದುರಿನ ಇಸ್ತ್ರಿ ಅಂಗಡಿಯವಳಿಗೆ ಆ ಎಗ್ಗು ಇರಲಿಲ್ಲ.

"ಏನು ಕೆಲಸವಂತೆ ನಿಮ್ಮ ಮೇಲಿನವರದ್ದು?"

"ಪುಟ ಬರೆಯೋದಂತೆ."

"ಕಥೇನಾ?"

"ಅಲ್ಲ ಕಣೆ. ಕಂಪ್ಯೂಟರಿನಲ್ಲಿ ಯಾವ ಕೆಲಸ ಹೇಗೆ ಮಾಡಬೇಕು ಅಂತ ತಿಳಿಸೋ ಪುಟ. ನೆಟ್ಟಿನಲ್ಲಿ ಇರುತ್ತಂತೆ."

"ಅದನ್ನ ಯಾರು ಓದ್ತಾರೆ? ಇಸ್ತ್ರಿಪೆಟ್ಟಿಗೆ ಜೊತೆ ಬಂದ ಪುಸ್ತಕಾನ ನಾನು ಮೇಜು ಅಲುಗಬಾರದು ಅಂತ ಕಾಲಿನಡಿ ಕೊಟ್ಟಿದೀನಿ." ಬಟ್ಟೆ ಮಡಚುತ್ತಲೇ ಆಕೆ ಹೆಸರೂ ಇಟ್ಟುಬಿಟ್ಟಳು. "ಪುಟದ ಮೇಷ್ಟ್ರು ಅನ್ನಿ ಹಾಗಾದ್ರೆ."

ಬೀದಿಯಲ್ಲಿ ಆ ಹೆಸರೇ ನಿಂತಿತು.

ಪುಟದ ಮೇಷ್ಟ್ರು ಕಂಪ್ಯೂಟರನ್ನು ಆರಿಸುತ್ತಲೇ ಇರಲಿಲ್ಲ. ಅವರು ಪೇಟೆಗೆ ಹೋದಾಗಲೂ ಅದು ಮೇಲೆ ಗುಂಯ್ ಅನ್ನುತ್ತಿತ್ತು. ಕೆಳಗೆ ಒಬ್ಬಳೇ ಕೂತ ಮನೆಯೊಡತಿಗೆ ಮೊದಮೊದಲು ತಲೆ ಚಿಟ್ಟು ಹಿಡಿಯಿತು. ಆಮೇಲೆ ಕರೆಂಟು ಹೋಗಿ ಆ ಸದ್ದು ನಿಂತರೆ ಮನೆ ಭಣಭಣ ಅನ್ನಿಸತೊಡಗಿತು. ಒಂದು ದಿನ ಚಹಾ ಕೊಡುವ ನೆವದಲ್ಲಿ ಹತ್ತಿ ಹೋಗಿ, ಇದು ಯಾಕೆ ಹೀಗೆ ಓಡುತ್ತಲೇ ಇರಬೇಕು ಅಂತ ಕೇಳಿಯೇಬಿಟ್ಟಳು.

ಮೇಷ್ಟ್ರು ಲೋಟ ಕೈಯಲ್ಲಿ ಹಿಡಿದು ನಿಧಾನವಾಗಿ ಹೇಳಿದರು. ಸಣ್ಣ ಸಣ್ಣ ಗ್ರಂಥಾಲಯದವರು ಪುಸ್ತಕ ಕೊಟ್ಟಿದ್ದು, ವಾಪಸ್ ಬಂದದ್ದು ಬರೆದಿಡಲು ಒಂದು ಸಾಫ್ಟ್‌ವೇರು ಇತ್ತು. ಅದನ್ನು ಬಳಸುವುದು ಹೇಗೆ ಅಂತ ತಿಳಿಸುವ ಪುಟಗಳನ್ನೆಲ್ಲ ಇವರೇ ಬರೆದದ್ದು. ಆಮೇಲೆ ಕಂಪನಿಯನ್ನು ಬೇರೆಯವರು ಕೊಂಡರು, ಹೊಸ ಸಾಫ್ಟ್‌ವೇರು ತಂದರು, ಇವರನ್ನು ಮನೆಗೆ ಕಳಿಸಿದರು. ಹಳೆಯ ಪುಟ ಬೇಕಾದರೆ ನೀವೇ ಇಟ್ಟುಕೊಳ್ಳಿ, ನಮಗೆ ಕಸ ಅಂದರಂತೆ.

"ಹೊಸದು ಎಲ್ಲರಿಗೂ ಎಲ್ಲಿ ಸಿಗುತ್ತೆ ಅಮ್ಮಾ. ಎಲ್ಲೋ ಒಂದು ಓಣಿಯ ಗ್ರಂಥಾಲಯದಲ್ಲಿ ಹಳೇದೇ ಓಡ್ತಿರುತ್ತೆ. ಅಲ್ಲಿ ಕೂತವನಿಗೆ ಒಂದು ದಿನ ಏನೋ ಕೈಕೊಡುತ್ತೆ, ಹುಡುಕ್ತಾನೆ. ಪುಟ ಇಲ್ಲ ಅಂತ ಬಂದರೆ? ಅದಕ್ಕೇ ಅವೆಲ್ಲ ಇದರೊಳಗಿಂದ ನೆಟ್ಟಿಗೆ ಹೋಗ್ತಿವೆ. ಇದು ಆರಿದರೆ ಅವೂ ಆರಿದವು."

ಕಂಪ್ಯೂಟರಿನ ಪಕ್ಕದಲ್ಲಿ ಅವರೇ ತಂತಿ ಸುತ್ತಿ ಕೂರಿಸಿದ ಕಡಲೆಕಾಳಿನಷ್ಟು ಹಸಿರು ದೀಪವಿತ್ತು. ಯಾರಾದರೂ ಪುಟ ತೆರೆದರೆ ಅದು ಒಂದು ಸಲ ಮಿನುಗುತ್ತದೆ. ಮಾತಿನ ನಡುವೆಯೇ ಅದು ಮಿನುಗಿತು. ಮೇಷ್ಟ್ರು ಲೋಟ ಕೆಳಗಿಟ್ಟು ತೆರೆಯತ್ತ ಬಗ್ಗಿದರು.

"ಯಾರೋ 'ಅಳಿಸಿದ್ದು ವಾಪಸ್ ಬೇಕು' ಅಂತ ಹುಡುಕಿದರು. ಸಿಕ್ತು. ಹೋದರು." ನೆಂಟರು ಬಂದು ಉಂಡು ಹೋದರು ಅನ್ನುವ ಹಾಗಿತ್ತು ಅವರ ದನಿ.

"ಹೆಸರು ಹೇಳಿದರಾ?"

"ಹೆಸರು ಹೇಳಲ್ಲ."

"ಉಪಕಾರ ಆಯ್ತು ಅಂತಾದರೂ?"

"ಸಿಕ್ಕವರು ಏನೂ ಹೇಳಲ್ಲ ಅಮ್ಮಾ. ಸಿಗದವರು ಬೈತಾರೆ."

ಅದಕ್ಕೇ ಮೇಷ್ಟ್ರು ಯಾರೂ ಬೈಯಬಾರದು ಅಂತ ಕೂತು ದುಡಿಯುತ್ತಿದ್ದರು. ಪುಟದಲ್ಲಿ ಒಂದು ಮಾತಿದ್ದರೆ ಜನ ಹುಡುಕುವುದು ಇನ್ನೊಂದು ಮಾತಿನಿಂದ. ಜನ ಹಾಗೆ ಬಳಸುವ ಮಾತುಗಳನ್ನೆಲ್ಲ ಮೇಷ್ಟ್ರು ಕಂಪ್ಯೂಟರಿಗೆ ಉಣಿಸಿಡುತ್ತಿದ್ದರು. ಸಂಬಳವಿಲ್ಲ, ಕೇಳುವವರಿಲ್ಲ. ಅವರ ಮೆಟ್ಟಿಲು ಹತ್ತಿ ಬರುತ್ತಿದ್ದವಳು ಮನೆಯೊಡತಿ ಒಬ್ಬಳೇ.

ಅವರ ಕಾಲು ಊದಿಕೊಳ್ಳತೊಡಗಿದ್ದು ಮರುವರ್ಷ. ಡಾಕ್ಟರು ಆಸ್ಪತ್ರೆಗೆ ಸೇರಬೇಕು ಅಂದಾಗ ಮೇಷ್ಟ್ರು ಎರಡು ದಿನದ ಮಟ್ಟಿಗೆ ಬೇಡ ಅಂದು, ಆ ಎರಡು ದಿನ ಮನೆಯೊಡತಿಗೆ ಪಾಠ ಹೇಳಿದರು.

"ನನಗೆ ಅಕ್ಷರ ಕೂಡಿಸಿ ಓದೋಕೇ ಹೊತ್ತು ಹಿಡಿಯುತ್ತೆ," ಅಂದಳು ಆಕೆ. "ನಮ್ಮ ಯಜಮಾನರು ಇದ್ದಾಗ ಅವರೇ ಓದಿ ಹೇಳ್ತಿದ್ರು."

"ಮೂರೇ ಮಾತು ಅಮ್ಮಾ. ಪ್ರತಿ ಪುಟದ ತಲೆಯಲ್ಲೂ ಇವೆ, ನೋಡಿ. ಹಿಂದೆ, ಮೇಲೆ, ಮುಂದೆ. ಹಿಂದೆ ಒತ್ತಿದರೆ ಹಿಂದಿನ ಪುಟ. ಮೇಲೆ ಒತ್ತಿದರೆ ಆ ಅಧ್ಯಾಯದ ಬಾಗಿಲಿಗೆ. ಮುಂದೆ ಒತ್ತಿದರೆ ಮುಂದಕ್ಕೆ. ಎಲ್ಲಾದರೂ ಪುಟ ತೆರೆಯದೆ ಬೆಳ್ಳಗೆ ನಿಂತರೆ ನನಗೆ ಹೇಳಿ. ಸಾಕು."

"ಈ ಖಾಲಿ ಚೌಕ ಯಾಕೆ?"

"ಅದು ಹುಡುಕೋದಕ್ಕೆ. ಏನು ಬೇಕು ಅಂತ ಅಲ್ಲಿ ಬರೀಬೇಕು."

"ಅದು ನನಗೆ ಬೇಡಪ್ಪ. ಬರೆಯೋಕೆ ಬಂದಿದ್ದರೆ ನಾನು ಇಲ್ಲಿ ಯಾಕೆ ಇರ್ತಿದ್ದೆ."

ಮೇಷ್ಟ್ರು ನಕ್ಕರು. "ಬರೋರೆಲ್ಲ ಅದನ್ನೇ ಬಳಸೋದು. ಹುಡುಕ್ತಾರೆ, ಬೇಕಾದ ಒಂದು ಪುಟ ನೋಡ್ತಾರೆ, ಹೋಗ್ತಾರೆ. ಮುಂದೆ ಅನ್ನೋದನ್ನ ಒತ್ತಿದವರನ್ನ ನಾನು ಇದುವರೆಗೂ ಕಂಡಿಲ್ಲ. ನೀವೇ ಮೊದಲು."

ಮಾರನೆಯ ದಿನ ಆಕೆ ಒಬ್ಬಳೇ ಒತ್ತಿ ಅಭ್ಯಾಸ ಮಾಡಲಿ ಅಂತ ಮೇಷ್ಟ್ರು ಮಲಗಿದರು. ಆಕೆ ಮೂಗಿನ ತುದಿಗೆ ಕನ್ನಡಕ ಇಳಿಸಿ ಕೂತಳು. ಮು, ದೆ, ನಡುವೆ ಸೊನ್ನೆ: ಮುಂದೆ. ಒತ್ತಿದಳು. ಪುಟ ಬಂತು. ಮತ್ತೆ ಒತ್ತಿದಳು. ಬಟ್ಟೆ ನೆನೆಸಿಟ್ಟು ಬಂದದ್ದು ನೆನಪಾಯಿತು. ಹಿಡಿದ ಕೆಲಸ ಬಿಟ್ಟು ಏಳುವವಳಲ್ಲ. ಬಿಸಿಲು ಕಿಟಕಿಯಿಂದ ಮಂಚಕ್ಕೆ, ಮಂಚದಿಂದ ಗೋಡೆಗೆ ಸರಿಯಿತು. ಮೇಷ್ಟ್ರಿಗೆ ಎಚ್ಚರವಾದಾಗಲೂ ಆಕೆ ಒತ್ತುತ್ತಲೇ ಇದ್ದಳು.

"ಮುಗೀತಾ ಅಮ್ಮಾ?"

"ಎಷ್ಟು ಬರೆದಿದೀಯಪ್ಪಾ ನೀನು. ತೀರೋದೇ ಇಲ್ಲ. ಮೊದಲು ಕಂಡ ಕಪಾಟಿನ ಚಿತ್ರ ಆಗಿನಿಂದ ಮತ್ತೆ ಮತ್ತೆ ಬರ್ತಿದೆ."

ಮೇಷ್ಟ್ರು ಎದ್ದು ಕೂತು ಹಣೆ ಒತ್ತಿಕೊಂಡರು. "ತಪ್ಪು ನಂದೇ. ಎಲ್ಲರೂ ಕೊನೇ ಪುಟದಲ್ಲಿ ಮುಂದೆ ಅನ್ನೋದನ್ನ ತೆಗೆದುಬಿಡ್ತಾರೆ. ಅಷ್ಟು ದೂರ ಬಂದವರ ಮುಖಕ್ಕೆ ಕದ ಹಾಕಿದ ಹಾಗಾಗುತ್ತೆ ಅಂತ ನಾನು ಅದನ್ನ ಮೊದಲನೇ ಪುಟಕ್ಕೇ ಕೊಂಡಿ ಹಾಕಿಟ್ಟೆ. ಅಷ್ಟು ದೂರ ಯಾರೂ ಬರಲ್ವಲ್ಲ, ಮರೆತೇಹೋಗಿತ್ತು."

"ಗಾಣದೆತ್ತಿನ ಹಾಗೆ ಸುತ್ತಿದ್ದೀನಿ ಅನ್ನು," ಅಂದಳು ಆಕೆ, ಸೊಂಟ ಹಿಡಿದು ಏಳುತ್ತ. ಇಬ್ಬರೂ ನಕ್ಕರು. ಆ ರೂಮಿನಲ್ಲಿ ಇಬ್ಬರ ನಗು ಕೂಡಿ ಕೇಳಿಸಿದ್ದು ಆವತ್ತೇ.

ಆಸ್ಪತ್ರೆಗೆ ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. "ದೀಪ ಈಚೆಗೆ ಕಡಿಮೆ ಮಿನುಗ್ತಿದೆ ಅಮ್ಮಾ. ಈ ತಿಂಗಳು ಯಾರೂ ಬರದೇ ಹೋದರೆ, ಹಳೇದು ಬಳಸೋರು ಇನ್ನು ಯಾರೂ ಇಲ್ಲ ಅಂತ ಅರ್ಥ. ಕಂಪ್ಯೂಟರು ಆರಿಸಿಬಿಡಿ. ಸುಮ್ಮನೆ ಕರೆಂಟು ದಂಡ."

ಆಕೆ ಬೆಳಗಾದರೆ ಮೇಲೆ ಹತ್ತಿ, ದೀಪದ ಮುಂದೆ ಕುರ್ಚಿ ಎಳೆದು, ಸೊಪ್ಪು ಬಿಡಿಸುವುದು ಅಲ್ಲಿ, ಬಟ್ಟೆ ಹೊಲಿಯುವುದು ಅಲ್ಲಿ ಅಂತ ಮಾಡಿಕೊಂಡಳು. ದೀಪ ಮಿನುಗಲಿಲ್ಲ. ಸಂಜೆ ಆಸ್ಪತ್ರೆಗೆ ಹೋದರೆ ಮೇಷ್ಟ್ರು ಕೇಳುವುದು ಅದೊಂದೇ. "ಯಾರಾದರೂ ಪುಟ ತೆರೆದರಾ?" ಆಕೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇಲ್ಲ ಅಂದಳು. ಮೇಷ್ಟ್ರು ಗೋಡೆಯತ್ತ ತಿರುಗಿದರು. ತಂದ ಊಟ ತಂದ ಹಾಗೇ ವಾಪಸಾಯಿತು. ಹೀಗೆಯೇ ದಿನಗಳು ಹೋದವು, ಮೇಷ್ಟ್ರ ಕೆನ್ನೆಯೂ ಇಳಿಯುತ್ತ ಹೋಯಿತು.

"ಬಂದರು ಅಂತ ಒಂದು ಮಾತು ಹೇಳಿದರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಇಸ್ತ್ರಿ ಅಂಗಡಿಯವಳು ಗದರಿದಳು.

"ಬರದೇ ಬಂದರು ಅನ್ನಲಾ?"

"ಹಾಗಾದ್ರೆ ಕೂತ್ಕೊಂಡು ನೋಡಿ, ಆ ಮನುಷ್ಯ ಒಣಗೋದನ್ನ."

ತಿಂಗಳು ತೀರುತ್ತ ಬಂದಿತ್ತು. ಆ ಮಧ್ಯಾಹ್ನ ಆಕೆ ದೀಪದ ಮುಂದೆ ಕೂತಿದ್ದಳು. ಕಂಪ್ಯೂಟರು ಆರಿಸಿದರೆ ಮೇಷ್ಟ್ರಿಗೆ ಕೇಳಲು ಏನೂ ಉಳಿಯುವುದಿಲ್ಲ. ಕೇಳಲು ಏನೂ ಇಲ್ಲದವರು ಕಣ್ಣು ತೆರೆಯುವುದಾದರೂ ಯಾಕೆ? ತನಗೂ ಆಮೇಲೆ ಮೇಲೆ ಹತ್ತಲು ಕಾರಣವಿರುವುದಿಲ್ಲ. ಕನ್ನಡಕ ಇಳಿಸಿದಳು. ಮು, ದೆ, ನಡುವೆ ಸೊನ್ನೆ. ಒತ್ತಿದಳು. ದೀಪ ಮಿನುಗಿತು. ಅದಕ್ಕೆ ಒಳಗಿನವರು ಹೊರಗಿನವರು ಅನ್ನುವ ಭೇದವಿರಲಿಲ್ಲ. ಕಪಾಟಿನ ಚಿತ್ರ ತಿರುಗಿ ಬರುವ ತನಕ ಆಕೆ ಒಂದೊಂದೇ ಪುಟ ದಾಟಿದಳು.

ಆ ಸಂಜೆ ಆಸ್ಪತ್ರೆಯಲ್ಲಿ ಆಡಿದ್ದೇ ಅವರಿಬ್ಬರ ಕೊನೆಯ ಮಾತು. ಮಾರನೆಯ ದಿನ ಆಕೆ ಹೋಗುವಷ್ಟರಲ್ಲಿ ಮಂಚಕ್ಕೆ ಬೇರೆ ಹೊದಿಕೆ ಹಾಕಿದ್ದರು.

ಆ ಸಂಜೆ ಮೇಷ್ಟ್ರು ಕೇಳುವ ಮೊದಲೇ ಆಕೆ ಹೇಳಿದ್ದಳು. "ದೀಪ ಮಿನುಗಿತು. ಒಂದೇ ಸಲ ಅಲ್ಲ. ಮಧ್ಯಾಹ್ನವೆಲ್ಲ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೇಷ್ಟ್ರು ಮೇಲೆದ್ದು ದಿಂಬಿಗೆ ಒರಗಿ ಕೂತರು. "ಬುತ್ತಿ ಬಿಚ್ಚಿ," ಅಂದರು. ತಾವೇ ಕಲಸಿಕೊಂಡು ತುತ್ತು ತುತ್ತಾಗಿ ಉಂಡರು, ನೀರು ಕುಡಿದರು, ಬಾಯಿ ಒರೆಸಿಕೊಂಡರು. ಆಮೇಲೆ ಗೋಡೆಯತ್ತ ತಿರುಗಲಿಲ್ಲ. ಆಕೆಯ ಮುಖವನ್ನೇ ನೋಡುತ್ತ, ಮೆಲ್ಲಗೆ ಕೇಳಿದರು:

"ಬಂದವರು ಹುಡುಕಿಕೊಂಡು ಬಂದರಾ ಅಮ್ಮಾ, ಇಲ್ಲ ಮುಂದೆ ಮುಂದೆ ಅಂತ ಒತ್ತಿಕೊಂಡು ಬಂದರಾ?"