ಆರು ವರ್ಷದ ಹೊಸಬ

ಪೀಣ್ಯದ ಪರಮಾನಂದ ಆರು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿ ಹೊಸಬ. ಅಲ್ಲಿ ಕಾಯಂ ನೌಕರರಿಗೆ ನೀಲಿ ಟೋಪಿ, ಟ್ರೈನಿಗಳಿಗೆ ಹಳದಿ. ಹಳದಿ ಹಾಕಿ ಹಾಕಿ ಇವನ ನೆತ್ತಿಯ ಕೂದಲೇ ಉದುರಿಹೋಗಿದೆ. ಐಟಿಐ ಮುಗಿಸಿ ಯಾದಗಿರಿಯಿಂದ ಬಂದವನು. ತಗಡು ಒತ್ತುವ ಪ್ರೆಸ್ ಮೆಷಿನ್ ನಿಂತುಹೋದರೆ "ಸಿಟ್ಟಾಗಬ್ಯಾಡ ನಮ್ಮವ್ವಾ" ಎಂದು ಬೆನ್ನು ತಟ್ಟಿ ಎಬ್ಬಿಸುತ್ತಾನೆ. ಹೆಣ್ಣು ಕೊಡುವವರು ಏನು ಕೆಲಸ ಅಂದರೆ "ಕಲೀಲಾಕತ್ತೀನ್ರೀ" ಅನ್ನುತ್ತಾನೆ. ಇಪ್ಪತ್ತೊಂಬತ್ತರ ವಿದ್ಯಾರ್ಥಿಗೆ ಯಾರು ಹೆಣ್ಣು ಕೊಟ್ಟಾರು? ವರ್ಷ ತುಂಬುವ ಮೊದಲೇ ಕಂಪನಿ ಟೋಪಿ ಕಿತ್ತುಕೊಂಡು ಅವನನ್ನು ಹೊರಗೆ ಹಾಕುತ್ತದೆ, ವಾರ ಬಿಟ್ಟು ಅದೇ ಟೋಪಿ ಕೊಟ್ಟು ಒಳಗೆ ಕರೆಯುತ್ತದೆ. ಅವನ ಸರ್ವೀಸು ಲೆಕ್ಕಕ್ಕೆ ಬಂದು ಕಾಯಂ ಮಾಡಬೇಕಾಗಿಬಿಟ್ಟರೆ ಕಂಪನಿಯವರ ಗಂಟು ಹೋಗುತ್ತದಲ್ಲ! ಮೊನ್ನೆವರೆಗೂ ಇವನ ಬುತ್ತಿಯ ರೊಟ್ಟಿ ಮುರಿದು ತಿಂದ ಸೂಪರ್‌ವೈಸರ್ ಲಿಖಿತ್, ಮುಖ ನೋಡಿಯೇ ಇಲ್ಲವೆಂಬಂತೆ, "ಎಕ್ಸ್‌ಪೀರಿಯನ್ಸ್ ಇದ್ಯಾ?" ಎಂದು ಕೇಳುತ್ತಾನೆ. ಇದೆ ಅಂದವನಿಗೆ ಗೇಟು ತೆರೆಯುವುದಿಲ್ಲ. "ಇಲ್ರೀ ಸರ, ಹೊಸಬ ಅದೀನ್ರೀ." ಥೂ, ಒಬ್ಬ ಮನುಷ್ಯನ ಬಾಯಲ್ಲಿ ವರ್ಷ ವರ್ಷವೂ ಇದನ್ನು ಹೇಳಿಸುತ್ತಾರಲ್ಲ! ಆಮೇಲೆ ಹೊಸಬರಿಗೆಲ್ಲ ಸುರಕ್ಷತೆಯ ಪಾಠ. ಈ ಸಲವೂ ಪರಮಾನಂದ ಮೊದಲ ಸಾಲಿನಲ್ಲೇ ಕೂತಿದ್ದ. ಲಿಖಿತ್ ಆ ಪ್ರೆಸ್ ಮೆಷಿನ್ ತೋರಿಸಿ, "ಹುಷಾರು ಕಣ್ರೋ, ಕೈ ಹೋಗುತ್ತೆ. ಇದನ್ನ ಮುಂಚೆ ನೋಡಿರೋರು ಇದ್ರೆ ಕೈ ಎತ್ತಿ" ಅಂದ. ಯಾರೂ ಎತ್ತಲಿಲ್ಲ. ಹೋದ ವರ್ಷ ಅದೇ ಮೆಷಿನ್ ಎರಡು ಬೆರಳು ನುಂಗಿದ್ದ ಬಲಗೈಯನ್ನು ಪರಮಾನಂದ ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತುರುಕಿಕೊಂಡ.